ದುಡ್ಡು ಕೊಟ್ಟು ತಂದ ಬ್ಯಾಕ್‌ಲಿಂಕ್ ಸಿಕ್ಕಿಬೀಳುವುದು ಹೇಗೆ

“ಡಿಎ 50ಕ್ಕಿಂತ ಮೇಲಿನ 30 ಸೈಟುಗಳಲ್ಲಿ ಪರ್ಮನೆಂಟ್ ಡೂಫಾಲೋ ಲಿಂಕ್. 7 ದಿನದಲ್ಲಿ ಡೆಲಿವರಿ. ರಿಪೋರ್ಟ್ ಎಕ್ಸೆಲ್ ಶೀಟಿನಲ್ಲಿ.” ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರಿಗೆ ಇಂಥ ಮೇಲ್ ಹೊಸದಲ್ಲ, ಈಗೀಗ ವಾಟ್ಸಾಪಿಗೂ ಬರುತ್ತದೆ. ಬೇರೆ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಲಿಂಕೇ ಬ್ಯಾಕ್‌ಲಿಂಕ್. ಡೂಫಾಲೋ ಅಂದರೆ ಗೂಗಲ್ ಲೆಕ್ಕಕ್ಕೆ ಹಿಡಿಯಬಹುದಾದ ಲಿಂಕ್, ಡಿಎ ಅಂದರೆ ಸೈಟಿನ ತೂಕಕ್ಕೆ ಕೊಡುವ ಒಂದು ಅಂಕೆ. ಲಿಂಕ್ ಕೊಡುವ ಸೈಟ್ ಯಾವುದು, ಅದನ್ನು ಓದುವವರು ಯಾರು, ನಿಮ್ಮದು ಯಾವ ವ್ಯವಹಾರ, ಇದ್ಯಾವುದರ ಮಾತೂ ಅದರಲ್ಲಿ ಇರುವುದಿಲ್ಲ. ಇರುವುದು ಎಣಿಕೆ ಮತ್ತು ಗಡುವು ಎರಡೇ. ಇದನ್ನು ನಂಬಿ ಸಣ್ಣ ವ್ಯಾಪಾರಿಗಳು ತಿಂಗಳು ತಿಂಗಳು ಹಣ ಕಟ್ಟುವುದನ್ನು ಕಂಡರೆ ಸಂಕಟವಾಗುತ್ತದೆ. ಏಕೆಂದರೆ ಆ ಲಿಂಕು ನಯಾಪೈಸೆಯ ಕೆಲಸ ಮಾಡದೆ ಸುಮ್ಮನೆ ಬಿದ್ದಿರುತ್ತದೆ, ಇಲ್ಲವೇ ಇದ್ದ ಹೆಸರನ್ನೂ ಕೆಡಿಸುತ್ತದೆ. ಹೇಗೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಲಿಂಕಿಗೆ ಬೆಲೆ ಬಂದದ್ದು 1998ರಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಪೇಜ್‌ರ್‍ಯಾಂಕ್ ಲೆಕ್ಕವನ್ನು ಮುಂದಿಟ್ಟಾಗ. ಗೂಗಲ್ ಹುಡುಕಾಟಕ್ಕೆ ಅಡಿಪಾಯ ಅದೇ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಮತ. ಮತ ಹಾಕಿದ ಪುಟಕ್ಕೇ ಬಹಳ ಮತ ಬಿದ್ದಿದ್ದರೆ ಅದರ ಮತಕ್ಕೆ ತೂಕ ಜಾಸ್ತಿ. ಮತಕ್ಕೆ ಬೆಲೆಯಿದೆ ಎಂದು ಗೊತ್ತಾದ ಕೂಡಲೇ ಅದನ್ನು ಕೊಳ್ಳುವವರೂ ಮಾರುವವರೂ ಹುಟ್ಟಿಕೊಂಡರು.

ಇಡೀ ಆಟ ಬಯಲಾದ ಒಂದು ದೊಡ್ಡ ಪ್ರಕರಣ ಅಮೆರಿಕದ ಜೆ.ಸಿ. ಪೆನ್ನಿ ಎಂಬ ಮಳಿಗೆ ಸರಣಿಯದು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ವಿವರವಾಗಿ ಬರೆಯಿತು. ಉಡುಪು, ಹಾಸಿಗೆ, ಪೀಠೋಪಕರಣ, ಏನು ಹುಡುಕಿದರೂ ಗೂಗಲ್‌ನಲ್ಲಿ ಮೊದಲು ಬರುತ್ತಿದ್ದುದು ಆ ಮಳಿಗೆಯೇ. ಸ್ಯಾಮ್ಸನೈಟ್ ಕಂಪನಿಯ ಸೂಟ್‌ಕೇಸ್ ಹುಡುಕಿದರೆ ಸ್ಯಾಮ್ಸನೈಟ್ ಸೈಟಿಗಿಂತ ಮೇಲೆ ಜೆ.ಸಿ. ಪೆನ್ನಿ ಕಾಣುತ್ತಿತ್ತು. ಪತ್ರಿಕೆ ಒಬ್ಬ ತಜ್ಞರಿಂದ ಲಿಂಕುಗಳನ್ನು ತೆಗೆಸಿ ನೋಡಿದಾಗ, ಉಡುಪಿಗೆ ಸಂಬಂಧಿಸಿದ ಪದಪುಂಜಗಳನ್ನೇ ಹೊತ್ತು ಆ ಮಳಿಗೆಗೆ ಲಿಂಕ್ ಕೊಟ್ಟ 2,015 ಪುಟಗಳು ಸಿಕ್ಕವು. ಆ ಪುಟಗಳೋ, ಕ್ಯಾಸಿನೊ, ಬಲ್ಗೇರಿಯಾದ ಆಸ್ತಿ ವ್ಯವಹಾರ, ಅಣುಶಕ್ತಿ ಎಂಜಿನಿಯರಿಂಗಿನಂಥ ಸೈಟುಗಳಲ್ಲಿ ಇದ್ದವು. ವಿಷಯ ತಿಳಿದ ಗೂಗಲ್ ಕೈಯಾರೆ ಕ್ರಮ ಕೈಗೊಂಡಿತು. ಬುಧವಾರ ಸಂಜೆ 7ಕ್ಕೆ ಸ್ಯಾಮ್ಸನೈಟ್ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದ ಮಳಿಗೆ ಎರಡು ತಾಸಿನಲ್ಲಿ 71ಕ್ಕೆ ಇಳಿದಿತ್ತು. ಮಳಿಗೆಯವರು ತಮಗೆ ಗೊತ್ತೇ ಇರಲಿಲ್ಲ ಎಂದು ಹೇಳಿ ತಮ್ಮ ಎಸ್‌ಇಒ ಸಂಸ್ಥೆಯನ್ನು, ಅಂದರೆ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ ವಹಿಸಿಕೊಂಡ ಏಜೆನ್ಸಿಯನ್ನು, ಕೈಬಿಟ್ಟರು. ಏಜೆನ್ಸಿ ಮಾಡಿದ ಕೆಲಸಕ್ಕೆ ಸೈಟಿನವರೇ ಬೆಲೆ ತೆರಬೇಕಾಯಿತು. ಇವತ್ತಿಗೂ ಗೂಗಲ್ ನೋಡುವುದು ಲಿಂಕ್ ಯಾರ ಸೈಟಿಗೆ ಬಂದಿದೆ ಎಂಬುದನ್ನೇ, ಅದನ್ನು ಹಾಕಿಸಿದವರು ಯಾರು ಎಂಬುದನ್ನಲ್ಲ.

ಪೆನ್ನಿ ಪ್ರಕರಣದಲ್ಲಿ ಸಾಕ್ಷಿ ನುಡಿದದ್ದು ಆಂಕರ್ ಟೆಕ್ಸ್ಟ್, ಅಂದರೆ ಲಿಂಕಿನ ಮೇಲೆ ಕಾಣುವ ಪದಗಳು. ಚಿಕ್ಕಮಗಳೂರಿನ ಒಂದು ಹೋಂಸ್ಟೇ ಎಂದಿಟ್ಟುಕೊಳ್ಳಿ. ಅದಕ್ಕೆ 90 ಸೈಟುಗಳಿಂದ ಲಿಂಕ್ ಇದೆ. ಬಂದುಹೋದ ಅತಿಥಿಗಳು ಬರೆದ ಲಿಂಕುಗಳನ್ನು ನೋಡಿ. ಒಬ್ಬರು ಹೋಂಸ್ಟೇ ಹೆಸರು ಹಾಕಿರುತ್ತಾರೆ, ಇನ್ನೊಬ್ಬರು ಹೆಸರನ್ನೇ ತಪ್ಪಾಗಿ ಬರೆದಿರುತ್ತಾರೆ, ಮತ್ತೊಬ್ಬರು “ನಾವು ಉಳಿದುಕೊಂಡ ಮನೆ” ಎಂದಿರುತ್ತಾರೆ, ಕೆಲವರು ವಿಳಾಸವನ್ನೇ ಹಾಗೇ ಅಂಟಿಸಿರುತ್ತಾರೆ. ಲಿಂಕು ಹೋಗುವುದೂ ಒಂದೊಂದು ಕಡೆಗೆ: ಒಂದು ಮುಖಪುಟಕ್ಕೆ, ಒಂದು ಊಟದ ಫೋಟೋ ಪುಟಕ್ಕೆ, ಒಂದು ಮುಳ್ಳಯ್ಯನಗಿರಿಗೆ ಯಾವ ಹೊತ್ತಿಗೆ ಹೊರಡಬೇಕು ಎಂದು ಬರೆದ ಪುಟಕ್ಕೆ. ಈಗ ಕೊಂಡ ಲಿಂಕುಗಳನ್ನು ನೋಡಿ. 54 ಸೈಟುಗಳಲ್ಲಿ “ಬೆಸ್ಟ್ ಹೋಂಸ್ಟೇ ಇನ್ ಚಿಕ್ಕಮಗಳೂರು” ಎಂಬ ಒಂದೇ ಪದಪುಂಜ. 54ರ ಗುರಿಯೂ ಬುಕಿಂಗ್ ಪುಟ. ಎಲ್ಲವೂ ಮೂರು ವಾರದೊಳಗೆ ಹುಟ್ಟಿ, ಆಮೇಲೆ ಆರು ತಿಂಗಳು ಒಂದೂ ಇಲ್ಲ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ, ಶೀಟಿನಲ್ಲಿ ಆಂಕರ್ ಕಾಲಂ ಅನ್ನು ಸಾರ್ಟ್ ಮಾಡಿದರೆ ಕಣ್ಣಿಗೇ ಕಾಣುತ್ತದೆ.

ಇದನ್ನು ಅರಿತ ಮಾರಾಟಗಾರರು ಈಗ ಆಂಕರ್ ಬೆರೆಸುತ್ತಾರೆ: ಇಷ್ಟು ಶೇಕಡಾ ಬ್ರ್ಯಾಂಡ್ ಹೆಸರು, ಇಷ್ಟು ಶೇಕಡಾ “ಇಲ್ಲಿ ಕ್ಲಿಕ್ ಮಾಡಿ”. ಆದರೆ ಲಿಂಕು ಕುಳಿತ ಸೈಟುಗಳು ಬದಲಾಗುವುದಿಲ್ಲ, ಗುರುತು ಅಲ್ಲಿ ಉಳಿದೇ ಉಳಿಯುತ್ತದೆ.

ಪಿಬಿಎನ್ ಎನ್ನುವ ಖಾಸಗಿ ಬ್ಲಾಗ್ ಜಾಲವನ್ನೇ ತೆಗೆದುಕೊಳ್ಳಿ. ಯಾರೋ ನವೀಕರಿಸದೆ ಬಿಟ್ಟ ಹಳೆಯ ಡೊಮೇನುಗಳನ್ನು, ಅಂದರೆ ಸೈಟಿನ ವಿಳಾಸದ ಹೆಸರುಗಳನ್ನು, ಹರಾಜಿನಲ್ಲಿ ಕೊಳ್ಳುತ್ತಾರೆ. ಅವಕ್ಕೆ ಹಿಂದಿನ ಮಾಲೀಕರು ವರ್ಷಗಟ್ಟಲೆ ಗಳಿಸಿದ ಲಿಂಕುಗಳು ಇರುತ್ತವೆ. ಅದರ ಮೇಲೆ ಸೈಟು ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಹಾಕಿ, ಹತ್ತು ಹದಿನೈದು ಲೇಖನ ತುಂಬಿ, ಒಂದೊಂದರೊಳಗೂ ಗಿರಾಕಿಯ ಸೈಟಿಗೆ ಒಂದು ಲಿಂಕ್, ಸಹಜವಾಗಿ ಕಾಣಲೆಂದು ವಿಕಿಪೀಡಿಯಾಕ್ಕೆ ಇನ್ನೊಂದು ಲಿಂಕ್ ಇಡುತ್ತಾರೆ. ಇದನ್ನು ಹಿಡಿಯುವ ಬಗೆ ಹೀಗೆ. ಸೈಟುಗಳ ಹಳೆಯ ರೂಪಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷೀನಿನಲ್ಲಿ ಆ ಡೊಮೇನ್ ಹಾಕಿ ನೋಡಿ. 2014ರಲ್ಲಿ ಯಾವುದೋ ಊರಿನ ಚರ್ಚ್ ಅಥವಾ ಶಾಲೆಯ ಸೈಟಾಗಿದ್ದದ್ದು, ನಡುವೆ ಎರಡು ವರ್ಷ ಖಾಲಿ, ಈಗ ಸಾಲ, ವಿಮೆ, ಪ್ರವಾಸ, ಸಕ್ಕರೆ ಕಾಯಿಲೆ ಎಲ್ಲದರ ಮೇಲೂ ಲೇಖನ. ಲೇಖಕರ ಹೆಸರು “ಅಡ್ಮಿನ್”. ಸಂಪರ್ಕ ಪುಟ ಇಲ್ಲ. ಇಂಥ ಹತ್ತು ಸೈಟುಗಳ ನೇಮ್‌ಸರ್ವರ್, ಥೀಮ್, ಪ್ಲಗಿನ್ ಪಟ್ಟಿ ಹೋಲಿಸಿದರೆ ಒಂದೇ ಕೈಯ ಕೆಲಸ ಎಂದು ತಿಳಿಯುತ್ತದೆ. ಕೆಲವೊಮ್ಮೆ ಹತ್ತರಲ್ಲೂ ಓದುಗರನ್ನು ಎಣಿಸುವ ಒಂದೇ ಅನಲಿಟಿಕ್ಸ್ ಐಡಿ ಇರುತ್ತದೆ. ಏಚ್‌ರೆಫ್ಸ್, ಸೆಮ್‌ರಶ್‌ನಂಥ ಲಿಂಕ್ ಪರೀಕ್ಷಕಗಳ ಬಾಟ್‌ಗಳನ್ನು ಯಾವ ಬಾಟ್ ಸೈಟನ್ನು ಓದಬಹುದು ಎಂದು ಹೇಳುವ ರೋಬೋಟ್ಸ್ ಫೈಲಿನಲ್ಲಿ ತಡೆದಿರುವುದು ಇನ್ನೊಂದು ಗುರುತು. ಕೊನೆಯದಾಗಿ, ಗೂಗಲ್‌ನಲ್ಲಿ ಸೈಟ್ ಎಂಬ ಇಂಗ್ಲಿಷ್ ಪದ, ಕೋಲನ್, ನಡುವೆ ಜಾಗ ಬಿಡದೆ ಡೊಮೇನ್ ಹೆಸರು ಹಾಕಿ ಹುಡುಕಿ. ಒಂದು ಪುಟವೂ ಬರದಿದ್ದರೆ ಆ ಸೈಟು ಬಹುತೇಕ ಇಂಡೆಕ್ಸಿನಿಂದಲೇ, ಅಂದರೆ ಹುಡುಕಾಟಕ್ಕೆಂದು ಗೂಗಲ್ ಇಟ್ಟುಕೊಂಡ ಪುಟಗಳ ಪಟ್ಟಿಯಿಂದಲೇ, ಹೊರಬಿದ್ದಿದೆ. ಅದರ ಮೇಲಿನ ಲಿಂಕಿಗೆ ಕೊಟ್ಟ ಹಣ ನೀರಿನಲ್ಲಿ ಹೋಮ. ಬಿಲ್ಡ್ ಮೈ ರ್‍ಯಾಂಕ್ ಎಂಬ ಹೆಸರಾಂತ ಜಾಲಕ್ಕೆ 2012ರ ಮಾರ್ಚ್‌ನಲ್ಲಿ ಆದದ್ದು ಇದೇ. ಸೈಟುಗಳಲ್ಲಿ ಬಹುಪಾಲು ಇಂಡೆಕ್ಸಿನಿಂದ ಹೋದವು, ಅವರು ಅಂಗಡಿ ಮುಚ್ಚಿದರು.

ಗೆಸ್ಟ್ ಪೋಸ್ಟ್ ಎಂಬ ಹೆಸರಿನಲ್ಲಿ ಮಾರುವುದು ಇದಕ್ಕಿಂತ ಕಷ್ಟದ ವಿಷಯ, ಏಕೆಂದರೆ ನಿಜವಾದ ಅತಿಥಿ ಲೇಖನದಲ್ಲಿ ತಪ್ಪೇನೂ ಇಲ್ಲ. ಒಬ್ಬ ಕಾಫಿ ಬೆಳೆಗಾರರು ಕೃಷಿ ಪತ್ರಿಕೆಯ ಸೈಟಿಗೆ ಕಾಯಿಕೊರಕದ ಬಗ್ಗೆ ಬರೆದು, ಕೆಳಗೆ ತಮ್ಮ ತೋಟದ ವಿಳಾಸ ಕೊಟ್ಟರೆ ಯಾರ ತಕರಾರೂ ಇಲ್ಲ. ತೊಂದರೆ ಬರುವುದು ಲಿಂಕಿಗಾಗಿಯೇ ಲೇಖನ ಹುಟ್ಟಿದಾಗ. ಗೂಗಲ್‌ನಲ್ಲಿ ಆಗ ವೆಬ್‌ಸ್ಪ್ಯಾಮ್ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ 2014ರ ಜನವರಿಯಲ್ಲೇ, ಲಿಂಕಿಗಾಗಿ ಗೆಸ್ಟ್ ಬ್ಲಾಗಿಂಗ್ ಮಾಡುವುದನ್ನು ನಿಲ್ಲಿಸಿ ಎಂದು ಬಹಿರಂಗವಾಗಿ ಬರೆದರು. ಮಾರಾಟದ ಸೈಟನ್ನು ಗುರುತಿಸಲು ಅದರ ಮುಖಪುಟವೇ ಸಾಕು. ಒಂದರ ಕೆಳಗೊಂದು ಕ್ಯಾಸಿನೊ, ಕ್ರಿಪ್ಟೊ, ಪ್ಯಾಕರ್ಸ್ ಆಂಡ್ ಮೂವರ್ಸ್, ಕೂದಲು ಕಸಿ. ಪ್ರತಿ ಲೇಖನದಲ್ಲೂ ಎರಡನೆಯ ಅಥವಾ ಮೂರನೆಯ ಪ್ಯಾರಾದಲ್ಲಿ ಒಂದೇ ಒಂದು ವಾಣಿಜ್ಯ ಲಿಂಕ್.

ಡಿಎ ಎಂಬ ಅಂಕೆಯ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಡೊಮೇನ್ ಅಥಾರಿಟಿ ಎನ್ನುವುದು ಮಾಜ್ ಎಂಬ ಕಂಪನಿಯ ಅಂದಾಜು, ಡಿಆರ್ ಎನ್ನುವುದು ಏಚ್‌ರೆಫ್ಸ್‌ನ ಅಂದಾಜು. ಎರಡನ್ನೂ ಗೂಗಲ್ ರ್‍ಯಾಂಕಿಂಗಿಗೆ ಬಳಸುವುದಿಲ್ಲ. ಹಳೆಯ ಡೊಮೇನುಗಳನ್ನು ರಿಡೈರೆಕ್ಟ್ ಮಾಡಿ, ಸ್ಪ್ಯಾಮ್ ಲಿಂಕುಗಳನ್ನು ಸುರಿದು ಈ ಅಂಕೆಗಳನ್ನು ಉಬ್ಬಿಸಬಹುದು. ಮಾರುವವರು ಉಬ್ಬಿಸುತ್ತಾರೆ ಕೂಡ. ಡಿಎ 60 ಇರುವ ಸೈಟಿಗೆ ಗೂಗಲ್‌ನಿಂದ ಬರುವ ಓದುಗರು ದಿನಕ್ಕೆ ನಾಲ್ಕು ಜನ ಎಂದಾದರೆ ಆ 60ಕ್ಕೆ ಅರ್ಥವಿಲ್ಲ. ಕೇಳಲೇಬೇಕಾದ ಪ್ರಶ್ನೆ ಇದು: ಗೂಗಲ್ ಎಂಬುದೇ ಇಲ್ಲದಿದ್ದರೂ ಈ ಲಿಂಕಿನಿಂದ ನನ್ನ ಅಂಗಡಿಗೆ ಒಬ್ಬ ಗಿರಾಕಿ ಬರುತ್ತಾನೆಯೇ?

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಮೆಂಟ್, ಫೋರಂ ಪ್ರೊಫೈಲ್, ಡೈರೆಕ್ಟರಿ ಲಿಂಕುಗಳನ್ನು ಸಾಫ್ಟ್‌ವೇರ್ ಸಾವಿರಗಟ್ಟಲೆ ಹಾಕುತ್ತದೆ. ಅವು ಬಹುಮಟ್ಟಿಗೆ ಲೆಕ್ಕಕ್ಕೇ ಇಲ್ಲ. “ನೀವು ನನಗೆ, ನಾನು ನಿಮಗೆ” ವಿನಿಮಯ ಒಂದೆರಡು ಇದ್ದರೆ ಸಹಜ, ಐವತ್ತಾದರೆ ಜಾಲ. ಅದನ್ನು ಮುಚ್ಚಲು ಮೂರನೆಯ ಸೈಟೊಂದನ್ನು ನಡುವೆ ತಂದರೂ ಜಾಲ ಜಾಲವೇ.

ಆದರೆ ಎರಡು ವಿಷಯ ನಮ್ಮ ಕಡೆಯವರಿಗೆ ಗೊತ್ತಿಲ್ಲದೆಯೇ ಅಂಟಿಕೊಳ್ಳುತ್ತವೆ. ಒಂದು, ವೆಬ್ ಡಿಸೈನ್ ಮಾಡಿಕೊಟ್ಟವರು ಫೂಟರಿನಲ್ಲಿ ಹಾಕುವ ಲಿಂಕ್. “ವೆಬ್ ಡಿಸೈನ್ ಕಂಪನಿ ಇನ್ ಬೆಂಗಳೂರು” ಎಂಬ ಪದಗಳ ಮೇಲೆ ಲಿಂಕ್ ಕೊಟ್ಟು ಗಿರಾಕಿಯ ಎಲ್ಲ ಪುಟಗಳಲ್ಲೂ ಬಿಟ್ಟರೆ, 200 ಪುಟದ ಸೈಟಿನಿಂದ 200 ಲಿಂಕ್. ಟೆಂಪ್ಲೇಟು, ಫೂಟರುಗಳಲ್ಲಿ ಹೀಗೆ ಹರಡುವುದನ್ನು ಗೂಗಲ್ ತನ್ನ ಲಿಂಕ್ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ಹೇಳಿದೆ. ಡಿಸೈನ್ ಮಾಡುವವರಿಗೆ ನನ್ನ ವಿನಂತಿ: ಕಂಪನಿಯ ಹೆಸರು ಮಾತ್ರ ಹಾಕಿ, ಮುಖಪುಟದಲ್ಲಷ್ಟೇ ಇಡಿ, ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ ನೋಫಾಲೋ ಗುರುತು ಸೇರಿಸಿ. ಎರಡನೆಯದು ನಲ್ಡ್ ಥೀಮ್, ಅಂದರೆ ದುಡ್ಡಿನ ವರ್ಡ್‌ಪ್ರೆಸ್ ಥೀಮಿನ ಪುಕ್ಕಟೆ ನಕಲು. ಅದರ ಫೂಟರ್ ಅಥವಾ ಫಂಕ್ಷನ್ಸ್ ಫೈಲಿನಲ್ಲಿ ಅರ್ಥವಾಗದ ಉದ್ದನೆಯ ಅಕ್ಷರಸಾಲೊಂದು ಕುಳಿತಿರುತ್ತದೆ. ಅದು ಬಿಚ್ಚಿಕೊಂಡು ಜೂಜಿನ ಸೈಟುಗಳಿಗೆ ಲಿಂಕ್ ಹಾಕುತ್ತದೆ, ಅದೂ ಗೂಗಲ್ ಪರವಾಗಿ ಪುಟಗಳನ್ನು ಓದುವ ಗೂಗಲ್‌ಬಾಟ್‌ಗೆ ಮಾತ್ರ ಕಾಣುವಂತೆ. ನೀವು ಬ್ರೌಸರಿನಲ್ಲಿ ಎಷ್ಟು ನೋಡಿದರೂ ಸಿಗುವುದಿಲ್ಲ. ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಪರಿಕರದ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಮುಖಪುಟದ ವಿಳಾಸ ಕೊಟ್ಟು, “ವ್ಯೂ ಕ್ರಾಲ್ಡ್ ಪೇಜ್” ಒತ್ತಿದರೆ ಗೂಗಲ್ ಕಂಡ ಎಚ್‌ಟಿಎಂಎಲ್ ತೆರೆಯುತ್ತದೆ. ಅದರಲ್ಲಿ ಕ್ಯಾಸಿನೊ, ಬೆಟ್ ಎಂಬ ಪದಗಳನ್ನು ಹುಡುಕಿ.

ಇನ್ನು ಗೂಗಲ್ ಏನು ಮಾಡುತ್ತದೆ ಎಂಬ ಪ್ರಶ್ನೆ. ಇಲ್ಲಿ ಹಳೆಯ ಭಯ, ಹೊಸ ವಾಸ್ತವ ಎರಡೂ ಕಲಸಿಹೋಗಿವೆ. 2012ರ ಏಪ್ರಿಲ್ 24ರಂದು ಕೆಟ್ಟ ಲಿಂಕುಗಳನ್ನು ಹಿಡಿಯುವ ಪೆಂಗ್ವಿನ್ ಎಂಬ ಪರಿಷ್ಕರಣೆ ಬಂದಾಗ ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ. 3.1ರ ಮೇಲೆ ಪರಿಣಾಮವಾಯಿತು. ಆಗ ಸಿಕ್ಕಿಬಿದ್ದ ಸೈಟು ಲಿಂಕ್ ತೆಗೆದು ಶುದ್ಧವಾದರೂ ಮುಂದಿನ ಪರಿಷ್ಕರಣೆವರೆಗೆ ಕಾಯಬೇಕಿತ್ತು. 2014ರ ಅಕ್ಟೋಬರ್‌ನಲ್ಲಿ ಸಿಕ್ಕಿಕೊಂಡವರು 2016ರ ಸೆಪ್ಟೆಂಬರ್‌ವರೆಗೆ, ಹತ್ತಿರಹತ್ತಿರ ಎರಡು ವರ್ಷ ಕಾದರು. ಆ 2016ರ ಆವೃತ್ತಿಯಿಂದ ಪೆಂಗ್ವಿನ್ ಮೂಲ ಲೆಕ್ಕದೊಳಗೇ ಸೇರಿತು, ಕೆಟ್ಟ ಲಿಂಕಿಗಾಗಿ ಇಡೀ ಸೈಟನ್ನು ಕೆಳಗಿಳಿಸುವ ಬದಲು ಆ ಲಿಂಕಿನ ಬೆಲೆಯನ್ನೇ ಕಳೆಯತೊಡಗಿತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೈನ್ ಎಂಬ ಎಐ ವ್ಯವಸ್ಥೆಯನ್ನು ಲಿಂಕುಗಳಿಗೂ ಹಚ್ಚಿದರು. ಅದು ಲಿಂಕ್ ಕೊಂಡ ಸೈಟನ್ನೂ, ಲಿಂಕ್ ಮಾರಲೆಂದೇ ಇರುವ ಸೈಟನ್ನೂ ಗುರುತಿಸುತ್ತದೆ.

ಇದರ ಅರ್ಥ ಗಿರಾಕಿಗೆ ತಿಳಿದಿರಬೇಕು. ಒಂದು ದಿನ ಟ್ರಾಫಿಕ್ ಅರ್ಧಕ್ಕೆ ಇಳಿಯುತ್ತದೆ, ಸರ್ಚ್ ಕನ್ಸೋಲಿನಲ್ಲಿ ಯಾವ ನೋಟಿಸೂ ಇಲ್ಲ. ಇದನ್ನು ಶಿಕ್ಷೆ ಎಂದುಕೊಂಡು ಗಾಬರಿಯಲ್ಲಿ ಡಿಸಾವೊ ಫೈಲ್, ಅಂದರೆ ಲೆಕ್ಕಕ್ಕೆ ಹಿಡಿಯಬಾರದ ಲಿಂಕುಗಳ ಪಟ್ಟಿ, ಗೂಗಲ್‌ಗೆ ಹಾಕುತ್ತಾರೆ, ಏನೂ ಆಗುವುದಿಲ್ಲ. ಲಿಂಕುಗಳು ಎತ್ತಿಹಿಡಿದಿದ್ದ ಸ್ಥಾನ ಅದು. ಅವುಗಳ ಬೆಲೆ ಸೊನ್ನೆಯಾದದ್ದರಿಂದ ಸೈಟು ತನ್ನ ನಿಜವಾದ ಜಾಗಕ್ಕೆ ಬಂದಿದೆ. ಗೂಗಲ್ ಈಗಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳದ ಲಿಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹೇಳಿ ಏನು ಫಲ?

ನೋಟಿಸ್ ಬಂದಿದ್ದರೆ ಮಾತೇ ಬೇರೆ. ಸರ್ಚ್ ಕನ್ಸೋಲಿನಲ್ಲಿ “ಮ್ಯಾನುಯಲ್ ಆಕ್ಷನ್ಸ್” ತೆರೆದಾಗ “ಅನ್‌ನ್ಯಾಚುರಲ್ ಲಿಂಕ್ಸ್ ಟು ಯುವರ್ ಸೈಟ್” ಎಂದಿದ್ದರೆ ಒಬ್ಬ ಮನುಷ್ಯ ನೋಡಿ ತೀರ್ಮಾನಿಸಿದ್ದಾನೆ ಎಂದರ್ಥ. ಆಗ ಕೆಲಸ ಹೀಗೆ ಸಾಗಬೇಕು. “ಲಿಂಕ್ಸ್” ವಿಭಾಗದಿಂದ ಹೊರಗಿನ ಲಿಂಕುಗಳ ಎರಡೂ ಪಟ್ಟಿ, ಅಂದರೆ ಮಾದರಿ ಲಿಂಕುಗಳು ಮತ್ತು ಇತ್ತೀಚಿನ ಲಿಂಕುಗಳು, ಇಳಿಸಿಕೊಳ್ಳಿ. ಏಜೆನ್ಸಿಯಿಂದ ಹಳೆಯ ತಿಂಗಳ ರಿಪೋರ್ಟುಗಳನ್ನು ಕೇಳಿ ತರಿಸಿಕೊಳ್ಳಿ. ಬೇರೆಲ್ಲೂ ಸಿಗದ ಪಟ್ಟಿ ಅದು, ಅವರೊಡನೆ ಜಗಳ ಆಡುವ ಮೊದಲೇ ಕೇಳಿ. ಎಲ್ಲವನ್ನೂ ಒಂದೇ ಶೀಟಿಗೆ ಹಾಕಿ ಡೊಮೇನ್ ಪ್ರಕಾರ ಒಟ್ಟುಮಾಡಿ. ಒಂದೊಂದು ಡೊಮೇನನ್ನೂ ಕಣ್ಣಾರೆ ತೆರೆದು ನೋಡಿ ಗುರುತು ಹಾಕಿ: ಕೊಂಡದ್ದು, ವಿನಿಮಯ, ಸಹಜ. ಪರಿಕರಗಳು ಕೊಡುವ “ಟಾಕ್ಸಿಕ್ ಸ್ಕೋರ್” ನೋಡಿ ಕಣ್ಣುಮುಚ್ಚಿ ಗುರುತು ಹಾಕಬೇಡಿ. ಕನ್ನಡದ ಪುಟ್ಟ ಬ್ಲಾಗು, ಊರಿನ ಸಂಘದ ಸೈಟುಗಳಂಥ ಪ್ರಾಮಾಣಿಕ ಲಿಂಕುಗಳನ್ನೂ ಅವು ಕೆಂಪಾಗಿ ತೋರಿಸಬಹುದು. ಅವನ್ನು ಕಳೆದುಕೊಂಡರೆ ನಿಜವಾದ ನಷ್ಟ.

ನಂತರ ಕೊಂಡ ಲಿಂಕುಗಳನ್ನು ತೆಗೆಯಲು ಆಯಾ ಸೈಟಿಗೆ ಬರೆಯಿರಿ, ದಿನಾಂಕ ಶೀಟಿನಲ್ಲಿ ಗುರುತಿಸಿ, ಉತ್ತರ ಬರದಿದ್ದರೆ ಎರಡು ವಾರದ ನಂತರ ಮತ್ತೊಮ್ಮೆ ಬರೆಯಿರಿ. ತೆಗೆಯಲು ದುಡ್ಡು ಕೇಳುವವರಿರುತ್ತಾರೆ. ಕೊಡಬೇಕಿಲ್ಲ, ಕೇಳಿದ್ದರು ಎಂದು ಬರೆದಿಟ್ಟುಕೊಳ್ಳಿ. ಹೋಗದೆ ಉಳಿದವನ್ನು ಡಿಸಾವೊ ಫೈಲಿಗೆ ಹಾಕಿ. ಅದು ಸಾದಾ ಟೆಕ್ಸ್ಟ್ ಫೈಲು, ಯುಟಿಎಫ್-8, ಗರಿಷ್ಠ 2 ಎಂಬಿ, ಗರಿಷ್ಠ 1,00,000 ಸಾಲು. ಸಾಲಿಗೊಂದರಂತೆ, ಡೊಮೇನ್ ಎಂಬ ಇಂಗ್ಲಿಷ್ ಪದ, ಕೋಲನ್, ಜಾಗ ಬಿಡದೆ ಸೈಟಿನ ಹೆಸರು. ಒಂದೊಂದೇ ಪುಟದ ವಿಳಾಸ ಹಾಕುತ್ತ ಕೂತರೆ ಅದೇ ಸೈಟಿನ ಟ್ಯಾಗ್ ಪುಟ, ಆರ್ಕೈವ್ ಪುಟಗಳಿಂದ ಲಿಂಕು ಉಳಿದೇ ಹೋಗುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು ಇನ್ನೊಂದಿದೆ: ಹೊಸ ಫೈಲ್ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ, ಸೇರಿಕೊಳ್ಳುವುದಿಲ್ಲ. ಹತ್ತು ಸಾಲು ಸೇರಿಸಬೇಕಿದ್ದರೂ ಹಳೆಯ ಫೈಲನ್ನು ಇಳಿಸಿಕೊಂಡು, ಅದರ ಕೆಳಗೆ ಸೇರಿಸಿ, ಪೂರ್ತಿ ಹಾಕಬೇಕು. ಸರ್ಚ್ ಕನ್ಸೋಲಿಗೆ ಸೈಟನ್ನು ಡೊಮೇನ್ ಪ್ರಾಪರ್ಟಿಯಾಗಿ ಸೇರಿಸಿದ್ದರೆ ಈ ಸೌಲಭ್ಯ ಸಿಗುವುದಿಲ್ಲ, ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿಯಾಗಿ ಸೇರಿಸಿರಬೇಕು.

ಇಷ್ಟಾದ ಮೇಲೆ, ಕ್ರಮ ರದ್ದುಮಾಡಿ ಎಂದು ಗೂಗಲ್‌ಗೆ ಕೊಡುವ ಮರುಪರಿಶೀಲನೆಯ ಅರ್ಜಿಯಲ್ಲಿ ನಿಜ ಬರೆಯಿರಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಲಿಂಕ್ ಕೊಂಡೆವು, ಎಷ್ಟು ಡೊಮೇನಿಗೆ ಬರೆದೆವು, ಎಷ್ಟು ಹೋದವು, ಎಷ್ಟು ಡಿಸಾವೊ ಮಾಡಿದೆವು, ಶೀಟಿನ ಲಿಂಕ್ ಇದು. “ಪ್ರತಿಸ್ಪರ್ಧಿ ಮಾಡಿಸಿದ್ದು” ಎಂದೋ, “ನಮಗೇನೂ ಗೊತ್ತಿಲ್ಲ” ಎಂದೋ ಬರೆದ ಅರ್ಜಿ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಉತ್ತರಕ್ಕೆ ಕೆಲ ದಿನಗಳಿಂದ ಕೆಲ ವಾರ ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಅರ್ಜಿ ಹಾಕಬೇಡಿ. ಕ್ರಮ ರದ್ದಾದರೂ ಹಳೆಯ ಸ್ಥಾನ ಹಾಗೇ ಮರಳುತ್ತದೆ ಎಂದು ಎಣಿಸಬೇಡಿ, ಅದನ್ನು ಎತ್ತಿದ್ದ ಲಿಂಕುಗಳನ್ನು ನೀವೇ ತೆಗೆದಿದ್ದೀರಿ.

ಕನ್ನಡದಲ್ಲಿ ಬ್ಲಾಗ್, ಸುದ್ದಿತಾಣ ನಡೆಸುವವರಿಗೆ ಇದೇ ವಿಷಯ ಎದುರು ದಿಕ್ಕಿನಿಂದ ಬರುತ್ತದೆ. “ನಿಮ್ಮ ಸೈಟಿನಲ್ಲಿ ಒಂದು ಲೇಖನ ಹಾಕಿ, ಇಷ್ಟು ಸಾವಿರ ಕೊಡುತ್ತೇವೆ” ಎನ್ನುತ್ತಾರೆ. ಲೇಖನ ಇಂಗ್ಲಿಷಿನಲ್ಲಿ, ವಿಷಯ ಬೆಟ್ಟಿಂಗ್. ಜಾಹೀರಾತು ತೆಗೆದುಕೊಳ್ಳುವುದು ತಪ್ಪಲ್ಲ, ಸಣ್ಣ ತಾಣಗಳಿಗೆ ಆ ಹಣ ಬೇಕು. ಆದರೆ ಅದು ಜಾಹೀರಾತು ಎಂದು ಓದುಗರಿಗೂ ಹೇಳಬೇಕು, ಗೂಗಲ್‌ಗೂ ಹೇಳಬೇಕು. 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೆಂದೇ ಲಿಂಕಿನ ಕೋಡಿನಲ್ಲಿರುವ ರೆಲ್ ಎಂಬ ಜಾಗದಲ್ಲಿ ಹಾಕಲು “ಸ್ಪಾನ್ಸರ್ಡ್” ಎಂಬ ಗುರುತನ್ನು ಗೂಗಲ್ ತಂದಿತು. ಅದನ್ನು ಹಾಕುತ್ತೇನೆ ಎಂದಾಗ ಕೊಳ್ಳುವವರು ಹಿಂದೆ ಸರಿದರೆ, ಅವರಿಗೆ ಬೇಕಿದ್ದದ್ದು ನಿಮ್ಮ ಓದುಗರಲ್ಲ ಎಂದು ಸ್ಪಷ್ಟವಾಯಿತು. ಲಿಂಕ್ ಮಾರಿದ ಸೈಟಿಗೂ ಪ್ರತ್ಯೇಕ ನೋಟಿಸ್ ಇದೆ. ಬ್ರಿಟನ್ನಿನಲ್ಲಿ 2013ರ ಫೆಬ್ರವರಿಯಲ್ಲಿ ಇಂಟರ್‌ಫ್ಲೋರಾ ಎಂಬ ಹೂವಿನ ಕಂಪನಿ ಸ್ಥಳೀಯ ಪತ್ರಿಕೆಗಳ ಸೈಟುಗಳಲ್ಲಿ ಇಂಥ ಲೇಖನ ಹಾಕಿಸಿದ ಮೇಲೆ ತನ್ನ ಹೆಸರಿನ ಹುಡುಕಾಟದಲ್ಲೂ ಕಾಣದಂತಾಯಿತು. ಲೇಖನ ಪ್ರಕಟಿಸಿದ್ದ ಪತ್ರಿಕೆಗಳ ಪೇಜ್‌ರ್‍ಯಾಂಕ್ ಕೂಡ ಕುಸಿಯಿತು.

ಇನ್ನೊಂದು ಮಾತು, ಬ್ಲಾಗು ಬರೆಯುವುದು ನಿಲ್ಲಿಸಿದವರಿಗೆ. ನಿಮ್ಮ ಡೊಮೇನ್ ಅವಧಿ ಮುಗಿದರೆ, ವರ್ಷಗಟ್ಟಲೆ ಬರೆದು ಗಳಿಸಿದ ಲಿಂಕುಗಳು ಪಿಬಿಎನ್ ನಡೆಸುವವರ ಕೈ ಸೇರುತ್ತವೆ. ನಿಮ್ಮ ಕವಿತೆ ಇದ್ದ ವಿಳಾಸದಲ್ಲಿ ಜೂಜಿನ ಜಾಹೀರಾತು ಬರುತ್ತದೆ, ವಿಕಿಪೀಡಿಯಾದಲ್ಲಿದ್ದ ಉಲ್ಲೇಖದ ಕೊಂಡಿ ಅಲ್ಲಿಗೇ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ಅವಧಿ ಮುಗಿದ ಡೊಮೇನಿನ ದುರ್ಬಳಕೆ ಎಂದು ನೀತಿಯಲ್ಲಿ ಸೇರಿಸಿದೆ, ಆದರೂ ಕೊಳ್ಳುವವರು ಇದ್ದೇ ಇದ್ದಾರೆ. ಡಾಟ್ ಕಾಂ ಡೊಮೇನ್ ಆದರೆ ಅವಧಿ ಮುಗಿದ ಮೇಲೂ ಕೆಲ ದಿನಗಳ ರಿಯಾಯಿತಿ ಸಿಗಬಹುದು, ಅದು ರಿಜಿಸ್ಟ್ರಾರ್, ಅಂದರೆ ಡೊಮೇನ್ ಕೊಟ್ಟ ಕಂಪನಿಯ ಮೇಲೆ ನಿಂತಿದೆ, ಗರಿಷ್ಠ 45 ದಿನ. ಡೊಮೇನ್ ಅಳಿಸಿದ ಮೇಲೆ 30 ದಿನ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ, ಆಮೇಲೆ 5 ದಿನ ಯಾರಿಗೂ ಸಿಗುವುದಿಲ್ಲ, ನಂತರ ಯಾರು ಬೇಕಾದರೂ ಕೊಳ್ಳಬಹುದು. ಒಳ್ಳೆಯ ಹೆಸರುಗಳು ಅಲ್ಲಿಯವರೆಗೂ ಬರುವುದಿಲ್ಲ, ರಿಜಿಸ್ಟ್ರಾರ್‌ಗಳೇ ಮೊದಲೇ ಹರಾಜಿಗಿಡುತ್ತಾರೆ. ಆಟೋ ರಿನ್ಯೂ ಹಾಕಿದ್ದೇನೆ ಎಂದು ನಿಶ್ಚಿಂತರಾಗಬೇಡಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದ ಮೇಲೆ ವಿದೇಶಿ ಕಂಪನಿಗಳು ನಮ್ಮ ಕಾರ್ಡುಗಳಿಂದ ತಾನಾಗಿ ಹಣ ಕಡಿತ ಮಾಡಿಕೊಳ್ಳುವುದು ಎಷ್ಟೋ ಸಲ ವಿಫಲವಾಗುತ್ತದೆ, ಆ ಮೇಲ್ ಸ್ಪ್ಯಾಮ್ ಫೋಲ್ಡರಿಗೆ ಹೋಗಿರುತ್ತದೆ. ಅವಧಿಯ ದಿನಾಂಕವನ್ನು ಒಂದು ತಿಂಗಳು ಮುಂಚೆಯೇ ನೆನಪಿಸುವಂತೆ ಫೋನಿನ ಕ್ಯಾಲೆಂಡರಿಗೆ ಹಾಕಿ, ಯುಪಿಐ ತೆಗೆದುಕೊಳ್ಳುವ ರಿಜಿಸ್ಟ್ರಾರ್ ಆದರೆ ನೀವೇ ಕಟ್ಟಿ, ಸಾಧ್ಯವಿದ್ದರೆ ಐದು ವರ್ಷಕ್ಕೆ ಒಟ್ಟಿಗೆ.